ಬಿಲ್ಲು ಬರುವ ಹೊತ್ತು

ಮುಂದಿನ ಎರಡು ಹಲ್ಲು ಒಂದಿಷ್ಟು ಉದ್ದವಾದವು, ನಕ್ಕರೆ ಅಜ್ಜಿ ಮೊಲದ ಹಾಗೆ ಕಾಣುತ್ತಾಳೆ, ಇನ್ನೊಂದು ಕೂದಲೆಳೆಯಷ್ಟು ಉಜ್ಜಬೇಕು — ಚಕ್ರ ಗುಂಯ್ ಎನ್ನುತ್ತದೆ, ಬಿಳಿ ಪುಡಿ ಹಾರಿ ಮೂಗಿನ ಮೇಲೆ ಕೂರುತ್ತದೆ, ಯಾರದೋ ಬಾಯಿ ಸೇರಬೇಕಾದ ಹಲ್ಲಿನ ಸೆಟ್ಟು ಅವನ ಬೆರಳುಗಳ ನಡುವೆ ಕಿಸಿದುಕೊಂಡು ಕೂತಿದೆ, ನಗು ಮಹರಾಯ್ತಿ, ನೀನಾದರೂ ನಗು, ಊಟದ ಮೇಜಿನಲ್ಲಿ ಯಾರೂ ನಗಲಿಲ್ಲ, ಅದೇ ತಾನೇ ಕಷ್ಟವಾಗಿರುವುದು, ಒಬ್ಬರಾದರೂ ಕಿಸಕ್ಕೆಂದಿದ್ದರೆ ಅವನು ಸಿಟ್ಟು ಮಾಡಬಹುದಿತ್ತು, ಸಿಟ್ಟಿನ ಹಿಂದೆ ಅಡಗಿಕೊಳ್ಳಬಹುದಿತ್ತು. ಈಗ ನೋಡು, ಊಟ ಮುಗಿಸಿ ಬಂದು ಎಲ್ಲರೂ ತಮ್ಮ ತಮ್ಮ ಮೇಜಿಗೆ ಕೂತಾಗಿದೆ, ಹಲ್ಲಿಗೆ ಬಣ್ಣ ಹೊಂದಿಸುವ ಬಣ್ಣದಮ್ಮ ಕಿಟಕಿಯ ಬೆಳಕಿಗೆ ಒಂದೊಂದೇ ಹಲ್ಲು ಹಿಡಿದು ನೋಡುತ್ತಿದ್ದಾಳೆ, ಮೇಣದ ಮೂವರು ಅಣ್ಣತಮ್ಮಂದಿರು ದೀಪ ಹಚ್ಚಿ ಮೇಣ ಕರಗಿಸುತ್ತಿದ್ದಾರೆ, ಮತ್ತೆ ಆ ಹುಡುಗ, ಇವನ ಹೆಂಡತಿಯ ತಮ್ಮ, ಈ ತಿಂಗಳು ಕೆಲಸಕ್ಕೆ ಸೇರಿದವನು, ಯಜಮಾನರ ಕೈಕಾಲು ಹಿಡಿದು ಸೇರಿಸಿದ್ದು ಇವನೇ, ಮೂಲೆಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಾನೆ, ತಲೆ ಎತ್ತುತ್ತಿಲ್ಲ. ತೆಳ್ಳಗಾಯ್ತು ಕಣೋ, ಇನ್ನೊಂದಿಷ್ಟು ಪುಡಿ ಹಾಕು ಎಂದು ಹೇಳಬೇಕು, ದಿನವೂ ಹೇಳುತ್ತಾನೆ, ಹೇಳುವುದಕ್ಕೇ ತಾನೇ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುವುದು, ಇವತ್ತು ಪ್ಲಾಸ್ಟರ್ ತೆಳ್ಳಗೇ ಇರಲಿ.

ಒರೆಸ್ಕೊಳಿ ಭಾವ — ಒಂದು ಬಿಳಿ ಕಾಗದ, ನಾಲ್ಕು ಮಡಿಕೆ, ಚಾಚಿದ ಕೈ — ಬೇಡ, ಅದು ಬೇಡ, ಹಲ್ಲು ನೋಡು. ಪ್ರತಿ ತಿಂಗಳ ಕೊನೆಯ ಶನಿವಾರ ಎಲ್ಲರೂ ಹೊರಗೆ ಊಟ, ಯಾರು ಏನೇ ತಿನ್ನಲಿ, ಬಿಲ್ಲು ಸಮಸಮ, ಈ ನಿಯಮ ಮಾಡಿದ್ದೇ ಅವನು, ಕೆಲಸ ಒಟ್ಟಿಗೆ ಮಾಡೋರು ತುತ್ತು ಎಣಿಸಬಾರದಮ್ಮ ಎಂದು ದೊಡ್ಡ ಮನುಷ್ಯನ ಹಾಗೆ ಅಂದಿದ್ದ, ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಬಿಲ್ಲಿನ ತಟ್ಟೆ ಅಡುಗೆಮನೆಯ ಬಾಗಿಲು ದಾಟುವುದೇ ತಡ, ಅವನ ಮೊಣಕಾಲಿಗೆ ಗೊತ್ತಾಗುತ್ತದೆ, ಕುರ್ಚಿ ಹಿಂದೆ ಸರಿಯುತ್ತದೆ, ಈ ಪ್ಲಾಸ್ಟರ್ ನೋಡಿ, ಉಗುರೊಳಗೆ ಹೆಂಗೆ ಕೂತಿದೆ, ತೊಳ್ಕೊಂಡು ಬಂದೆ ಇರಿ ಎನ್ನುತ್ತಾನೆ, ಸುಳ್ಳೇನಲ್ಲ, ಈ ಕೆಲಸದವರ ಉಗುರಿನಲ್ಲಿ ಪ್ಲಾಸ್ಟರ್ ಇದ್ದೇ ಇರುತ್ತದೆ, ಆದರೆ ಎಲ್ಲರೂ ಅದನ್ನು ಊಟಕ್ಕೆ ಮೊದಲು ತೊಳೆಯುತ್ತಾರೆ. ಅವನು ನಿಧಾನವಾಗಿ ಒಂದೊಂದೇ ಉಗುರು ತಿಕ್ಕುತ್ತಾನೆ, ಕನ್ನಡಿ ನೋಡುತ್ತಾನೆ, ಕೂದಲು ಸರಿಮಾಡುತ್ತಾನೆ, ತಿರುಗಿ ಬರುವಷ್ಟರಲ್ಲಿ ತಟ್ಟೆಯಲ್ಲಿ ಸೋಂಪು ಬಿಟ್ಟು ಬೇರೇನೂ ಇರುವುದಿಲ್ಲ, ಅಯ್ಯೋ, ಆಗಲೇ ಕೊಟ್ಬಿಟ್ರಾ, ನಂದೆಷ್ಟು ಹೇಳಿ, ಇರ್ಲಿ ಬಿಡಿ ಮೇಷ್ಟ್ರೇ ಮುಂದಿನ ಸಲ ನೋಡೋಣ — ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಇಷ್ಟು ವರ್ಷ ಕುಡಿದ, ಯಾರೂ ನೋಡಲಿಲ್ಲ ಅಂದುಕೊಂಡೇ ಕುಡಿದ. ಇವತ್ತು ಮಾತ್ರ ನಲ್ಲಿಯಲ್ಲಿ ನೀರಿಲ್ಲ. ತಿರುಗಿಸಿದರೆ ಬುಸ್ ಎಂದು ಗಾಳಿ, ಪಕ್ಕದ್ದೂ ಅಷ್ಟೇ, ನೀರಿಲ್ಲದ ಮೇಲೆ ಎಷ್ಟು ಹೊತ್ತು ನಿಲ್ಲುವುದು, ಮೂರ್ಖ, ನಿಲ್ಲಬೇಕಿತ್ತು, ಗೋಡೆ ನೋಡುತ್ತಾ ನಿಲ್ಲಬೇಕಿತ್ತು, ಬೇಗ ಬಂದುಬಿಟ್ಟ, ಮರದ ಅಡ್ಡತಟ್ಟಿಯ ಈಚೆಗೆ ಬಂದಾಗ ಆಚೆಯಿಂದ ಬಾಮೈದನ ಧ್ವನಿ, ಆರು ಜನ ಅಲ್ವಾ, ಹಂಗಾದ್ರೆ ತಲಾ ಎಷ್ಟಾಯ್ತು, ಬಣ್ಣದಮ್ಮನ ಧ್ವನಿ, ಆರಲ್ಲಪ್ಪ, ಐದು, ಮೇಷ್ಟ್ರನ್ನ ಲೆಕ್ಕಕ್ಕೆ ಹಿಡೀಬೇಡ, ಯಾಕೆ, ಭಾವಂದು ಯಾರು ಕೊಡ್ತಾರೆ ಎಂದ ಹುಡುಗ, ನಾವೇ ಹಂಚ್ಕೋತೀವಿ, ಮೊದಲಿಂದ ಹಂಗೇ, ಬೇಗ ಬೇಗ ತೆಗೀರಿ, ಅವ್ರು ಬರೋ ಹೊತ್ತಿಗೆ ಮುಗಿಸ್ಬಿಡಬೇಕು, ಪಾಪ, ಮುಜುಗರ ಆಗ್ಬಾರ್ದು. ಪಾಪ ಎಂದಳು. ಮೊದಲಿಂದ ಹಂಗೇ ಎಂದಳು. ಬಾಮೈದ ತಗ್ಗಿದ ಧ್ವನಿಯಲ್ಲಿ ಏನೋ ಹೇಳಿದ, ಅದು ಮಾತ್ರ ಕೇಳಿಸಲಿಲ್ಲ. ಅವನು ಸದ್ದಾಗದ ಹಾಗೆ ಹಿಂದೆ ಹೆಜ್ಜೆಯಿಟ್ಟು ಮತ್ತೆ ಅದೇ ಒಣ ನಲ್ಲಿಯ ಮುಂದೆ ನಿಂತ, ಅವರಿಗೆ ಸಾಕಾಗುವಷ್ಟು ಹೊತ್ತು ನಿಂತ, ಅವರ ಮರ್ಯಾದೆ ಉಳಿಸಲು ನಿಂತನೋ ತನ್ನದನ್ನೋ, ಬಂದಾಗ ಬಾಮೈದ ಎದ್ದು ನಿಂತು ಕಾಗದ ಚಾಚಿದ, ಒರೆಸ್ಕೊಳಿ ಭಾವ, ಒಣ ಕೈ, ಪ್ಲಾಸ್ಟರ್ ಇನ್ನೂ ಹಾಗೇ ಇದ್ದ ಉಗುರು, ಅವನು ತೆಗೆದುಕೊಂಡ, ಒಂದೊಂದೇ ಬೆರಳು ಒರೆಸಿದ.

ಅದಕ್ಕೂ ಮೊದಲು ಅವನು ಏನೇನು ಅಂದಿದ್ದ, ದೇವರೇ, ನೆಲ ಬಾಯಿ ಬಿಡಬಾರದೇ — ಬಾಮೈದ ಬರೀ ಸೂಪು ಸಾಕು ಎಂದಾಗ, ಏ, ಸಂಕೋಚ ಯಾಕೋ, ಮೀನು ತೊಗೋ, ಇಲ್ಲಿ ಮೀನು ಚೆನ್ನಾಗಿರುತ್ತೆ, ನಾನಿದೀನಲ್ಲ! ನಾನಿದೀನಲ್ಲ ಎಂದಿದ್ದ. ಇನ್ನೂ ಮೊದಲ ಸಂಬಳ ಕಾಣದ ಹುಡುಗ ಯಾರದೋ ಹತ್ತಿರ ಕೈಸಾಲ ಮಾಡಿ ಬಂದಿರುತ್ತಾನೆ, ಅವನ ಭಾಗದೊಳಗೆ ಇವನ ಮೀನಿನ ಒಂದು ತುಂಡು, ಇವನೇ ಕೇಳಿ ಹಾಕಿಸಿಕೊಂಡ ಐಸ್‌ಕ್ರೀಮಿನ ಒಂದು ಚಮಚ. ಬಡತನದ ಕಥೆ ಹೇಳೋಣವೆಂದರೆ ಅದೂ ಇಲ್ಲ, ಅಪ್ಪ ಉಣ್ಣಿಸಿ ತಿನ್ನಿಸಿಯೇ ಬೆಳೆಸಿದ್ದ, ಸಂಬಳ ತಪ್ಪಿಲ್ಲ, ಸಾಲವಿಲ್ಲ, ಒಮ್ಮೆ ನಿಜವಾಗಿ ದುಡ್ಡು ಮರೆತು ಬಂದಿದ್ದ, ಅವತ್ತು ನಿಜವಾಗಿ ಕೈ ತೊಳೆಯಲು ಎದ್ದು ಹೋಗಿದ್ದ, ಬರುವಷ್ಟರಲ್ಲಿ ಯಾರೋ ಬಿಲ್ಲು ಕೊಟ್ಟಾಗಿತ್ತು, ಎಷ್ಟು ಹಗುರವಾಗಿತ್ತು ಅವತ್ತು, ಅಷ್ಟೇ, ರುಚಿ ಹತ್ತಿತು, ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಊರವರನ್ನೆಲ್ಲ ಅಂದವನು ತಾನೇ ಅವನಾದ. ಹೆಂಡತಿ ಪ್ರತಿ ಊಟದ ಶನಿವಾರ ಮಡಿಸಿದ ನೋಟನ್ನು ಅಂಗಿಯ ಜೇಬಿಗೆ ಇಟ್ಟು ಗುಂಡಿ ಹಾಕುತ್ತಾಳೆ, ನಾಲ್ಕು ಜನರೆದುರು ಕೈ ಬಿಗಿ ಹಿಡೀಬೇಡಿ ಎನ್ನುತ್ತಾಳೆ, ನಾನೇನು ಅಂಥೋನಾ ಎನ್ನುತ್ತಾನೆ, ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಈಗಲೂ ನೋಟು ಅಲ್ಲೇ ಇದೆ, ಗುಂಡಿ ಬಿಚ್ಚೇ ಇಲ್ಲ. ಬೇರೆಯವರಿಗೆ ಗೊತ್ತಿದ್ದರೆ ಇರಲಿ, ಬಣ್ಣದಮ್ಮ ಪಾಪ ಅಂದರೆ ಅನ್ನಲಿ, ಹೆಂಡತಿಗೆ ಗೊತ್ತಾಗಬಾರದು, ಮನೆಯಲ್ಲಿ ಒಬ್ಬಳ ಕಣ್ಣಿನಲ್ಲಾದರೂ ಅವನು ಧಾರಾಳಿಯಾಗಿ ಉಳಿಯಬೇಕು, ಆದರೆ ಈ ಹುಡುಗ ಸಂಜೆ ಅಕ್ಕನ ಮನೆಗೇ ಬರುತ್ತಾನೆ, ಅಡುಗೆಮನೆಯ ಕಟ್ಟೆ ಹತ್ತಿ ಕೂರುತ್ತಾನೆ, ಅಕ್ಕ ಕೇಳುತ್ತಾಳೆ, ಹೇಗಿತ್ತೋ ಊಟ — ಕೊಟ್ಟುಬಿಡಬೇಕು, ಈಗಲೇ, ಅವನ ಕೈಗೆ ತುರುಕಿಬಿಟ್ಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಚಕ್ರ ನಿಲ್ಲಿಸಿದ. ಗುಂಡಿ ಬಿಚ್ಚಿದ.

ಬಾರೋ ಇಲ್ಲಿ. ಬಂದ, ಕೈತುಂಬ ಪ್ಲಾಸ್ಟರ್, ತೆಳ್ಳಗಾಯ್ತಾ ಭಾವ? ಅದಲ್ಲ, ತೊಗೋ ಇದು, ಮಧ್ಯಾಹ್ನದ್ದು, ನೋಡು, ಮಾತಿನ ಮಧ್ಯೆ ಮರ್ತೇಹೋಯ್ತು, ಎಲ್ಲರಿಗೂ ಹಂಚಿಬಿಡು, ನಗಲು ನೋಡುತ್ತಾನೆ, ಕೈಯಲ್ಲಿರುವ ಸೆಟ್ಟಿನ ಹಾಗೆ ಬರೀ ಹಲ್ಲು ಕಾಣುತ್ತದೆ. ಹುಡುಗ ನೋಟು ಮುಟ್ಟುವುದಿಲ್ಲ. ಬೇಡ ಭಾವ, ನಿಮ್ದು ಕೊಟ್ಟಾಗಿದೆ. ಯಾರು ಕೊಟ್ರು, ಬಣ್ಣದಮ್ಮಾನಾ? ನಾನೇ ಕೊಟ್ಟೆ, ಆರು ಭಾಗಾನೇ ಮಾಡಿಸ್ದೆ. ನೀನ್ಯಾಕೋ ಕೊಡೋಕೆ ಹೋದೆ, ನಿಂಗೆಲ್ಲಿಂದ ಬಂತು ದುಡ್ಡು, ಧ್ವನಿ ಏರುತ್ತದೆ, ಕೊನೆಗೂ ಸಿಟ್ಟು ಬಂತು, ಬೈಯಲು ಒಬ್ಬ ಸಿಕ್ಕ, ಅಪ್ಪಣೆ ಕೊಟ್ಟೋರು ಯಾರು ನಿಂಗೆ? ಹುಡುಗ ಕಾಲಿನ ಹೆಬ್ಬೆರಳು ನೋಡುತ್ತಾನೆ, ಬಣ್ಣದಮ್ಮನ ಕಡೆ ನೋಡುತ್ತಾನೆ, ಅವಳು ಬೆಳಕಿಗೆ ಹಿಡಿದ ಹಲ್ಲು ಹಾಗೇ ಹಿಡಿದಿದ್ದಾಳೆ. ನಂದಲ್ಲ ಭಾವ. ಬೆಳಿಗ್ಗೆ ಅಕ್ಕ ಕೊಟ್ಟಿದ್ಲು. ಅಕ್ಕ? ನಿನ್ನ ಭಾಗಕ್ಕೆ ಕೊಟ್ಟಿರ್ತಾಳೆ. ಅಲ್ಲ ಭಾವ, ನಿಮ್ಮದಕ್ಕೆ. ಬಿಲ್ ಬಂದ ತಕ್ಷಣ ಭಾವ ಕೈ ತೊಳಿಯೋಕೆ ಹೋಗ್ತಾರೆ, ಆಗ ಕೊಟ್ಬಿಡು, ಅವ್ರಿಗೆ ಹೇಳ್ಬೇಡ ಅಂದ್ಲು. ಹೇಳಿದ್ದಕ್ಕೆ ಬೈಬೇಡಿ.

ಕೈ ತೊಳಿಯೋಕೆ ಹೋಗ್ತಾರೆ. ಅವಳು. ಅವಳೇ ಆ ಮಾತು ಆಡಿದಳು, ಯಾವಾಗಿನಿಂದ, ಅವಳ ತವರಿನವರ ಜೊತೆ ಊಟಕ್ಕೆ ಹೋದಾಗ ಮಾವ ಬಿಲ್ಲು ಕೊಡುತ್ತಿದ್ದರಲ್ಲ, ಆಗಿನಿಂದಲೇ, ಹೊಸ ಹೆಂಡತಿ ಖಾಲಿ ಕುರ್ಚಿಯ ಪಕ್ಕ ಒಬ್ಬಳೇ ಕೂತು ಅಪ್ಪನ ಮುಖ ನೋಡುತ್ತಾ, ಎಲ್ಲಿಗೆ ಹೋದ್ರಮ್ಮ ನಿನ್ನ ಯಜಮಾನ್ರು, ಕೈ ತೊಳಿಯೋಕೆ ಅಪ್ಪ — ಗೊತ್ತಿದ್ದೂ ನೋಟು ಮಡಿಸಿದಳು, ಗೊತ್ತಿದ್ದೂ ಗುಂಡಿ ಹಾಕಿದಳು, ಪ್ರತಿ ಸಲ, ಈ ಸಲವಾದರೂ ಎಂದುಕೊಂಡೇ ಹಾಕಿದಳೇನೋ, ಇವತ್ತು ಅದೂ ಸಾಕಾಗಿ ಇನ್ನೊಂದು ನೋಟು ತಮ್ಮನ ಕೈಗೆ — ಬಾಮೈದ ಇನ್ನೂ ಮುಂದೆ ನಿಂತಿದ್ದಾನೆ, ಇವನ ನೋಟು ಹಿಡಿದ ಕೈ ಇನ್ನೂ ಚಾಚಿಯೇ ಇದೆ, ಯಾರೂ ತೆಗೆದುಕೊಳ್ಳುತ್ತಿಲ್ಲ, ಸಂಜೆ ಮನೆಗೆ ಹೋಗಬೇಕು, ಬಾಗಿಲು ಅವಳೇ ತೆಗೆಯುತ್ತಾಳೆ, ಹೇಗಿತ್ತು ಊಟ ಎನ್ನುತ್ತಾಳೆ, ಚೆನ್ನಾಗಿತ್ತು ಎನ್ನುತ್ತಾನೆ, ಕೈಕಾಲು ತೊಳ್ಕೊಳಿ ಎನ್ನುತ್ತಾಳೆ, ದಿನವೂ ಎನ್ನುವ ಹಾಗೆಯೇ ಎನ್ನುತ್ತಾಳೆ, ಬಿಳಿ ಕಾಗದ, ನಾಲ್ಕು ಮಡಿಕೆ, ಒಣ ಕೈ, ಒರೆಸುತ್ತಿದ್ದಾನೆ, ಒಂದೊಂದೇ ಬೆರಳು, ಹೋಟೆಲಿನ ಮೇಜಿನ ಸುತ್ತ ಐದು ಜನ ಬೇರೆ ಕಡೆ ನೋಡುತ್ತಿದ್ದಾರೆ, ಅವನು ಒರೆಸುತ್ತಲೇ ಇದ್ದಾನೆ