ಮೆಟ್ಟಿಲ ನಡುವೆ ನಿಲ್ಲುತ್ತಿದ್ದವಳು

ಉತ್ತರ ಬಂದೊಡನೆ ಎಲ್ಲರೂ ಪೆನ್ಸಿಲ್ ಕೆಳಗಿಡುತ್ತಾರೆ. ನನ್ನ ನಾದಿನಿಗೆ ಅನುಮಾನ ಶುರುವಾಗುತ್ತಿದ್ದುದೇ ಅಲ್ಲಿಂದ. ಮಡಕೆ ಕೊಳ್ಳುವವಳು ಬಡಿದು ನೋಡುವಂತೆ, ತಾನೇ ಬಿಡಿಸಿದ ಲೆಕ್ಕದ ಕೊನೆಯ ಅಂಕಿಯನ್ನು ಪೆನ್ಸಿಲಿನ ಹಿಂತುದಿಯಿಂದ ತಟ್ಟಿ, ಕತ್ತು ಓರೆ ಮಾಡಿ, "ಇಷ್ಟಿರತ್ತಾ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಲೆಂದು ನಮ್ಮ ಮನೆಯಲ್ಲಿರುವವಳು. ಅಣ್ಣನ ಹಳೆಯ ಕೋಟಿನ ತೋಳುಗಳನ್ನು ಮೊಣಕೈವರೆಗೆ ಮಡಚಿ ತೊಟ್ಟು, ಏನಾದರೂ ಹೊಳೆದರೆ ಮೆಟ್ಟಿಲ ನಡುವೆಯೇ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ, ನಿಂತುಬಿಡುವಳು. "ಬಸ್ಸು ಕೆಟ್ಟು ನಿಂತಿದೆ, ತಳ್ಳಬೇಕೇನಮ್ಮ?" ಎಂದು ನನ್ನ ಯಜಮಾನರು ಹಿಂದಿನಿಂದ ರೇಗಿಸುವರು. ನನಗೆ ನಗು ಬರುತ್ತಿರಲಿಲ್ಲ. ಅವಳನ್ನು ನೋಡಿ ನೋಡಿ ನನ್ನ ಪುಟ್ಟ ಮಗಳೂ ಮೆಟ್ಟಿಲಲ್ಲಿ ನಿಲ್ಲತೊಡಗಿದ್ದಳು. ನಾಳೆ ಶಾಲೆಯಲ್ಲಿ ಇವಳೂ ಹಿಂದೆ ಬಿದ್ದರೇನು ಗತಿ ಎಂದು "ಬೇಗ ಬಾರೇ" ಎಂದು ಗದರುತ್ತಿದ್ದೆ.

ಉತ್ತರ ಸರಿಯೋ ತಪ್ಪೋ ಎಂಬ ಆ ಅನುಮಾನದಿಂದಲೇ ನಾದಿನಿಯ ಉತ್ತರಪತ್ರಿಕೆ ಎರಡು ಸಲ ಅರ್ಧಕ್ಕೇ ನಿಂತಿತ್ತು. ಈ ಬಾರಿಯೂ ನಪಾಸಾದರೆ ಓದು ಅಲ್ಲಿಗೆ ಮುಗಿಯುತ್ತಿತ್ತು. ಅದೇ ವಿಷಯದಲ್ಲಿ ಪ್ರಥಮ ದರ್ಜೆ ಗಿಟ್ಟಿಸಿದವಳೆಂಬ ಹಮ್ಮಿನಲ್ಲಿ ನಾನೇ ಪಾಠಕ್ಕೆ ಕೂತೆ.

"ಸೂತ್ರ ಬರಿ, ಅಂಕಿ ಹಾಕು, ಮುಂದಕ್ಕೆ ಹೋಗು. ಎಲ್ಲೂ ನಿಲ್ಲಬೇಡ."

"ಉತ್ತರ ತಪ್ಪಿದ್ರೆ, ಅತ್ತಿಗೆ?"

"ತಪ್ಪಿದ್ರೂ ಅರ್ಧ ಅಂಕ ಕೊಡ್ತಾರೆ. ನಿಂತ್ರೆ ಸೊನ್ನೆ."

ಪಾಸಾದಳು, ಒಳ್ಳೆಯ ಅಂಕಗಳೇ ಬಂದವು. ಫಲಿತಾಂಶದ ಸಂಜೆ ನಾನು ಬೀಗುತ್ತ ಚಹಾ ತಂದಿಟ್ಟರೆ, ಅವಳು ಲೋಟವನ್ನೇ ನೋಡುತ್ತ ಹೇಳಿದಳು: "ಒಂದು ಲೆಕ್ಕ ಇತ್ತು ಅತ್ತಿಗೆ. ಬಿಸಿ ಚಹಾಕ್ಕೆ ಐಸ್ ಹಾಕಿದ್ರೆ ಏನಾಗತ್ತೆ ಅಂತ. ನನಗೆ ಚಹಾ ಇನ್ನೂ ಬಿಸಿ ಆಯ್ತು ಅಂತ ಬಂತು. ಹಾಗೇ ಬರೆದೆ."

ಮಗಳು ಕಿಲಕಿಲ ನಕ್ಕಳು. "ಅಯ್ಯೋ ಅತ್ತೆ, ತಣ್ಣಗಾಗತ್ತೆ!"

"ಗೊತ್ತಿತ್ತು ಪುಟ್ಟಿ. ನಿಮ್ಮಮ್ಮ ನಿಲ್ಲಬೇಡ ಅಂದಿದ್ರು."

ಅವಳ ದನಿಯಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಕೋಟಿನ ತೋಳಿನ ಮಡಿಕೆ ಬಿಚ್ಚಿ, ಅಂಗೈ ಮುಚ್ಚುವಷ್ಟು ಕೆಳಗೆಳೆದುಕೊಂಡಳು. ನನಗೆ ತಲೆಯೆತ್ತಲಾಗಲಿಲ್ಲ.

ಈಗ ಅವಳು ಸರಸರನೆ ಮೆಟ್ಟಿಲೇರುತ್ತಾಳೆ. ನಡುವೆ ನಿಲ್ಲುವವಳು ನನ್ನ ಮಗಳೊಬ್ಬಳೇ. "ಬೇಗ ಬಾರೇ" ಎನ್ನಲು ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಳ್ಳುತ್ತೇನೆ.

ನಿಂತು ಯೋಚಿಸುವವರನ್ನು ನಾವು ಮಂದಬುದ್ಧಿಯವರೆಂದು ತಿಳಿಯುತ್ತೇವೆ. ಅವರು ಯಾರೂ ನೋಡದಿರುವಾಗಲೂ ಸುಳ್ಳುತ್ತರಕ್ಕೆ ನಾಚಬಲ್ಲವರು. ಆ ನಾಚಿಕೆಯನ್ನು ಬಿಡಿಸಿ ಅವರನ್ನು ದಡ ಸೇರಿಸುವುದು ನನ್ನಂಥ ಪ್ರಥಮ ದರ್ಜೆಯವರಿಗೆ ಬಹಳ ಸುಲಭ. ಅದನ್ನು ಮರಳಿ ಕಲಿಸುವ ವಿದ್ಯೆ ಮಾತ್ರ ನಮ್ಮಲ್ಲಿಲ್ಲ.