ಓದಲು ಹೋದವಳ ವಿಳಾಸ

"ವಿದ್ಯಾರ್ಥಿವೇತನದಲ್ಲಿ ಶುಲ್ಕಕ್ಕೆ ಹೋದ ದುಡ್ಡಿಗೆ ತೆರಿಗೆ ಇಲ್ಲ. ಕೋರ್ಸಿಗೆ ಬೇಕೇಬೇಕು ಅಂತ ಬರೆದಿರೋ ಉಳಿ, ಪುಸ್ತಕ, ಅವಕ್ಕೂ ಇಲ್ಲ. ಬಾಡಿಗೆ, ಊಟ, ವಿಮಾನದ ಟಿಕೆಟ್ಟು, ಇವಕ್ಕೆ ಇದೆ," ಎನ್ನುತ್ತ ಓಪಲ್ ರಸೀದಿಗಳನ್ನು ಎರಡು ಗುಡ್ಡೆ ಮಾಡಿದಳು.

ಎದುರು ಕೂತಿದ್ದ ಹ್ಯಾಟಿಯ ಮೈಯೆಲ್ಲ ಉರಿಯಿತು. ಇಟಲಿಯಲ್ಲಿ ಪಿಟೀಲು ಮಾಡುವುದನ್ನು ಕಲಿಯಲೆಂದು ಸಿಕ್ಕಿದ ವಿದ್ಯಾರ್ಥಿವೇತನ ಅದು. ವರ್ಷವಿಡೀ ಬ್ರೆಡ್ಡು, ಬೀನ್ಸು ತಿಂದು ದಿನ ದೂಡಿದ್ದಳು. ಆ ಬ್ರೆಡ್ಡಿಗೂ ತೆರಿಗೆಯಂತೆ! ವೆಸ್ಟ್ ವರ್ಜೀನಿಯಾದ ಆ ಗಣಿಯೂರಿನ ಗ್ರಂಥಾಲಯದಲ್ಲಿ ಪ್ರತಿ ಮಾರ್ಚಿನಲ್ಲೂ ಬಿಟ್ಟಿಯಾಗಿ ತೆರಿಗೆ ಪತ್ರ ತುಂಬಿಕೊಡುತ್ತಿದ್ದ ಓಪಲ್, ಅಂಚೆ ಕಚೇರಿಯಿಂದ ನಿವೃತ್ತಳಾದವಳು, ಯಾರ ಮುಲಾಜಿಗೂ ಬೀಳುವವಳಲ್ಲ.

ಪಕ್ಕದಲ್ಲಿ ಅಪ್ಪ ವೆಂಡಲ್ ಕಿಸಕ್ಕನೆ ನಕ್ಕ. "ಬಿಟ್ಟಿ ದುಡ್ಡು ಅಂತ ಕುಣ್ಕೊಂಡು ಹೋದ್ಯಲ್ಲ, ಅನುಭವಿಸು." ಆಮೇಲೆ ತನ್ನ ಕಾಗದಗಳನ್ನು ಮುಂದೆ ತಳ್ಳಿದ. "ಇವಳನ್ನ ನನ್ನ ಆಶ್ರಯದಲ್ಲಿರೋಳು ಅಂತ ಬರ್ಕೊ, ಓಪಲ್. ನನಗೆ ಐನೂರು ಡಾಲರ್ ತೆರಿಗೆ ಕಮ್ಮಿಯಾಗತ್ತೆ."

"ನಿನ್ನ ಆಶ್ರಯನಾ? ಒಂದು ಸೆಂಟ್ ಕೊಟ್ಟಿದೀಯಾ ನೀನು? ನನ್ನ ಹೊಟ್ಟೆ ತುಂಬಿಸಿದ್ದು ಆ ವೇತನ!"

"ವಿದ್ಯಾರ್ಥಿವೇತನದಲ್ಲಿ ಬದುಕಿದ್ರೆ ನಿನ್ನನ್ನ ನೀನೇ ಸಾಕ್ಕೊಂಡೆ ಅಂತ ಕಾನೂನು ಒಪ್ಪಲ್ಲಮ್ಮ," ಎಂದಳು ಓಪಲ್.

"ತೆರಿಗೆ ಕಟ್ಟೋಕೆ ಮಾತ್ರ ನನ್ನ ದುಡ್ಡಾ?"

"ಕಾನೂನು ಬರೆದೋಳು ನಾನಲ್ಲ. ಓದೋಕೆ ಅಂತ ಹೊರಗಿದ್ರೂ ಮನೇಲಿದ್ದ ಹಾಗೇ ಲೆಕ್ಕ. ಆದ್ರೆ ವಾಪಸ್ ಬರೋಕೆ ಮನೆ ಅಂತ ಒಂದಿರ್ಬೇಕು, ಇಲ್ಲಾಂದ್ರೆ ಆ ಐನೂರು ಸಿಗಲ್ಲ. ಇವಳ ಮನೆ ನಿನ್ನ ಮನೇನೇ ತಾನೇ, ವೆಂಡಲ್?"

"ಇನ್ಯಾರ ಮನೆ? ನನ್ನ ಮಗಳಲ್ವಾ?"

ಎಂಥ ಭಂಡ! "ಹೊಸಿಲು ದಾಟಿದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡ" ಎಂದು ಅವಳು ಇಟಲಿಗೆ ಹೊರಟಾಗ ಹೇಳಿದ್ದವನು ಇವನೇ. ಕ್ರಿಸ್‌ಮಸ್‌ಗೆ ಬಂದರೆ ಬಾಗಿಲಿನ ಬೀಗ ಬದಲಾಗಿತ್ತು. ಕಿಟಕಿಯಲ್ಲಿ ಇಣುಕಿದಾಗ ಅವಳ ಮಂಚವಿದ್ದ ಜಾಗದಲ್ಲಿ ಜಿಂಕೆ ಮಾಂಸದ ಫ್ರೀಜರ್ ಕೂತಿತ್ತು. ಅಂದಿನಿಂದ ಗೆಳತಿಯ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು.

ಆದರೂ, ಥೂ, ಆಸೆ ಸಾಯುವುದಿಲ್ಲ. "ಬರ್ಸಪ್ಪ. ಐನೂರೂ ನೀನೇ ಇಟ್ಕೊ," ಎಂದು ಹ್ಯಾಟಿ ಮೇಜಿನ ಮೇಲೆ ಅಂಗೈ ಚಾಚಿದಳು. "ಹೊಸ ಬೀಗದ ಕೈ ಕೊಡು."

ವೆಂಡಲ್ ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದ. ಹೊಳೆಯುವ ಹಿತ್ತಾಳೆ ಕೀಯನ್ನು ಗೊಂಚಲಿನ ಉಂಗುರದಿಂದ ಬಿಡಿಸಲು ಅರ್ಧ ಸುತ್ತು ತಿರುಗಿಸಿದವನು ಅಲ್ಲಿಗೇ ನಿಲ್ಲಿಸಿದ.

"ಆ ಫ್ರೀಜರ್ ಎಲ್ಲಿಡ್ಲಿ ನಾನು?"

ಓಪಲ್ ಅವನ ಹಾಳೆಯಲ್ಲಿ ಆಗಲೇ ಬರೆದಿದ್ದ ಹ್ಯಾಟಿಯ ಹೆಸರಿಗೆ ಅಡ್ಡಗೆರೆ ಎಳೆದು, ಅವಳ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡಳು.

"ವಿಳಾಸ ಏನು ಬರೀಲಮ್ಮ?"

ಗೊಂಚಲು ಮತ್ತೆ ಸೊಂಟ ಸೇರಿತು. ಹ್ಯಾಟಿಯ ಅಂಗೈ ಮೇಜಿನ ಮೇಲೆ ತೆರೆದೇ ಇತ್ತು.