ಸುತ್ತಿ ನಡೆಯುವ ಅತ್ತೆ

ನನ್ನ ಸೋದರತ್ತೆ ಯಾವ ಜಾಗವನ್ನೂ ನಡುವಿನಿಂದ ದಾಟಿದವರಲ್ಲ. ಹೊಲದ ಬದುವಿನ ಮೇಲೆ ನಡೆದು ನಡೆದು ಕಾಲಿಗೆ ಅಂಟಿದ ಆ ಅಭ್ಯಾಸ ಪೇಟೆಯ ಬೀದಿಯಲ್ಲೂ, ಬ್ಯಾಂಕಿನ ಹಜಾರದಲ್ಲೂ ಬಿಡದೆ, ಎದುರಿಗೇ ಇರುವ ಬಾಗಿಲನ್ನು ಗೋಡೆಯ ಗುಂಟ ಸುತ್ತಿಕೊಂಡು ಹೋಗಿ ತಲುಪುವುದೇ ಅವರ ಕ್ರಮ. ಜೊತೆಗೆ ಬಂದವರು ಹಲ್ಲು ಕಡಿಯುತ್ತಿದ್ದರು. ಅತ್ತೆಗೆ ಅದರ ಪರಿವೆಯೇ ಇರಲಿಲ್ಲ. ತೀರಿಕೊಂಡ ಮಾವನ ಕಂದು ಕೋಟು ಸದಾ ಮೈಮೇಲೆ, ಅದರ ಅಂಚಿಗೆ ಕಚ್ಚಿಕೊಂಡ ಹುಲ್ಲಿನ ಮುಳ್ಳುಬೀಜಗಳು, ಮಾತಿನ ಕೊನೆಗೆ ತಪ್ಪದೆ ಒಂದು “ಸುಮ್ಮನಿರು.”

ಹಳ್ಳದ ಪಕ್ಕದ ಒಂದು ಪಟ್ಟಿ ನೆಲವನ್ನು ಅವರು ಬೀಳುಬಿಟ್ಟದ್ದು ಸರ್ಕಾರದ ಯೋಜನೆಯೊಂದನ್ನು ನಂಬಿ. ಮಣ್ಣು ಕೊಚ್ಚಿಹೋಗದಂತೆ ಹಳ್ಳದಂಚನ್ನು ಉಳದೆ ಕಾಪಾಡುವ ಜಮೀನುದಾರರಿಗೆ, ಕಳೆದುಕೊಂಡ ಬೆಳೆಯ ಬದಲಾಗಿ ವರ್ಷವರ್ಷವೂ ಸಹಾಯಧನ. ಒಂಟಿ ಹೆಂಗಸಿನ ಸಂಸಾರ ಬಹುಮಟ್ಟಿಗೆ ಅದರಲ್ಲೇ ಸಾಗುತ್ತಿತ್ತು. “ಉಳದೆ ಇರೋಕೆ ಸಂಬಳ ತಗೊಳ್ಳೋಳು ನಮ್ಮಕ್ಕ ಒಬ್ಬಳೇ” ಎಂದು ನನ್ನ ಅಪ್ಪ ಛೇಡಿಸುತ್ತಿದ್ದರು. ಅತ್ತೆ ಮಾತ್ರ ಆ ಕೆಲಸವನ್ನು ಉಳುಮೆಗಿಂತ ಶ್ರದ್ಧೆಯಿಂದ ಮಾಡಿದರು: ಬೇಲಿ ಕಟ್ಟಿದರು, ಕೊಡಲಿ ಹಿಡಿದು ಬಂದವರನ್ನು ಅಟ್ಟಿದರು, ದಿನವೂ ಅದರ ಸುತ್ತ ನಡೆದು ಬಂದರು. ಗಿಡ ಪೊದೆಯಾಯಿತು, ಪೊದೆ ತೋಪಾಯಿತು, ಹಳ್ಳದ ನೀರು ತಿಳಿಯಾಯಿತು.

ಅದೇ ಮುಳುವಾಯಿತು. ಆಕಾಶದಿಂದ ತೆಗೆದ ಚಿತ್ರದಲ್ಲಿ ಆ ಪಟ್ಟಿ ಕಾಡಿನಂತೆ ಕಾಣಿಸಿತಂತೆ, ಯೋಜನೆ ಇರುವುದು ಸಾಗುವಳಿ ಭೂಮಿಗೆ ಮಾತ್ರ, ಹಣ ನಿಂತಿತು. ಅತ್ತೆಯ ಜೊತೆ ಕಚೇರಿಗೆ ಹೋದವನು ನಾನು. ಅಧಿಕಾರಿ ಕೆಟ್ಟವರಲ್ಲ, ಪಾಪ, ಕುರ್ಚಿ ಎಳೆದು ಕೂರಿಸಿಯೇ ಹೇಳಿದರು.

“ಮರ ಕಡಿಸಿ ಒಂದ್ಸಲ ಉತ್ತುಬಿಡಿ ಅಮ್ಮ. ಆಮೇಲೆ ಮತ್ತೆ ಬೀಳುಬಿಡ್ತೀನಿ ಅಂತ ಅರ್ಜಿ ಹಾಕಿ. ದುಡ್ಡು ಬರುತ್ತೆ.”

“ಅಲ್ಲಪ್ಪ, ಕಾಪಾಡೋ ದುಡ್ಡು ಬೇಕಾದ್ರೆ ಮೊದ್ಲು ಹಾಳು ಮಾಡ್ಬೇಕಾ?”

“ನಿಯಮ ಹಾಗಿದೆ” ಎಂದು ಅವರು ತಲೆ ತಗ್ಗಿಸಿದರು.

ಮನೆಯಲ್ಲಿ ಅಪ್ಪನದೂ ಅದೇ ರಾಗ. ಟ್ರ್ಯಾಕ್ಟರನ್ನು ತಾವೇ ತರುವುದಾಗಿ ಹೇಳಿದರು. ದುಡ್ಡಿಲ್ಲದೆ ಹೇಗೆ ಬದುಕುತ್ತೀಯೆಂದು ಗದರಿದರು. ಅತ್ತೆ ಕೋಟಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಕಿತ್ತು ಅಂಗೈಯಲ್ಲಿ ಇಟ್ಟುಕೊಳ್ಳುತ್ತಾ ಕುಳಿತಿದ್ದರು. ಹಟಕ್ಕೂ ಒಂದು ಮಿತಿ ಬೇಡವೇ ಎಂದು ನನಗೂ ಸಿಟ್ಟು ಬಂತು.

ಮರುವಾರ ಅತ್ತೆ ಮತ್ತೆ ಕಚೇರಿಗೆ ಹೊರಟರು, ಜೊತೆಗೆ ನಾನೂ. ಕಚೇರಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತವರು, ಅಲ್ಲಿನ ದೊಡ್ಡ ಹಜಾರವನ್ನು ನಟ್ಟನಡುವೆ ಹಾದು ನೇರ ಅಧಿಕಾರಿಯ ಮೇಜಿಗೆ ಹೋದರು. ರೂಢಿಯಂತೆ ಗೋಡೆ ಹಿಡಿದು ಹೊರಟ ನಾನು ಹಿಂದೆ ಬಿದ್ದೆ. ತೋಪನ್ನು ತೋಪಾಗಿಯೇ ಬಿಟ್ಟು, ಅದಕ್ಕೆ ತಾಗಿ ಹಳ್ಳದಂಚಿನಲ್ಲೇ ಇದ್ದ, ಇನ್ನೂ ನೇಗಿಲ ಗೆರೆ ಮಾಸದ ಹೊಲವನ್ನು ಅವರು ಯೋಜನೆಗೆ ಹೊಸದಾಗಿ ಬರೆಸಿದರು. ಅಧಿಕಾರಿ ನಿಯಮವನ್ನು ಹಿಂದುಮುಂದು ತಿರುವಿ ಓದಿದರು. ತಪ್ಪು ಸಿಗಲಿಲ್ಲ, ನಕ್ಕು ಮೊಹರು ಒತ್ತಿದರು.

ಅಪ್ಪ ತಲೆ ಚಚ್ಚಿಕೊಂಡರು. “ಅದೂ ಕಾಡಾದ್ರೆ?”

“ಅದರ ಪಕ್ಕದ್ದು ಬಿಡ್ತೀನಿ.”

“ಹೀಗೇ ಬಿಡ್ತಾ ಹೋದ್ರೆ ಹೊಲಾನೇ ಮುಗಿದು ಹೋಗುತ್ತಲ್ಲಕ್ಕ.”

“ಅಷ್ಟರಲ್ಲಿ ನಾನು ಮುಗಿದಿರ್ತೀನಿ. ಸುಮ್ಮನಿರು.”

ಈಗ ಅವರ ಸುತ್ತು ದೊಡ್ಡದಾಗಿದೆ. ಅಕ್ಕನನ್ನು ನೋಡಲು ಹೋಗುವ ಅಪ್ಪನೂ ಗೊಣಗುತ್ತಲೇ ಆ ಸುತ್ತು ಹಾಕುತ್ತಾರೆ, ಅಡ್ಡದಾರಿ ಹಿಡಿಯುವುದಿಲ್ಲ. ಕೊಟ್ಟ ಮಾತಿಗೆ ಬೇಲಿ ಕಟ್ಟಿ ಅದರ ಸುತ್ತ ನಡೆಯುವ ಇಂಥವರು ಹಣಕ್ಕೆ ಕೈಯೊಡ್ಡುತ್ತಾರೆ, ನಾಚಿಕೆಯಿಲ್ಲದೆ ಒಡ್ಡುತ್ತಾರೆ. ಆದರೆ ಹಣ ಕರೆದಲ್ಲಿಗೆ ಅವರು ಹೋಗುವುದಿಲ್ಲ, ಅವರು ನಿಂತಲ್ಲಿಗೆ ಹಣವೇ ಬರಬೇಕು.